ಕಲ್ಲಂಗಡಿಗೆ ತೊಡಿಸಿದ ಹೆಡ್‌ಫೋನ್

ನಮ್ಮ ಮಾಮಾ ಇಷ್ಟು ವಯಸ್ಸಾದರೂ ಒಂದೇ ಒಂದು ವಸ್ತುವನ್ನೂ ಕಣ್ಣಿನಿಂದ ನೋಡಿ ಕೊಂಡವರಲ್ಲ! ನಾನು ಸುಳ್ಳು ಹೇಳುತ್ತಿದ್ದೇನೆ ಅನಿಸಿದರೆ ಬಸವಕಲ್ಯಾಣದ ಯಾವ ಅಂಗಡಿಯಲ್ಲಾದರೂ ವಿಚಾರಿಸಿ. ಬಕೆಟ್ ಕೊಳ್ಳಲು ಹೋದರೆ ಅದರ ಬಣ್ಣ, ಗಾತ್ರ, ಬೆಲೆ ಯಾವುದೂ ಅವರಿಗೆ ಬೇಡ. ಬೋರಲು ಹಾಕಿ, ಬೆರಳಿನಿಂದ ಬಾರಿಸಿ, ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಇದು ಮಳಿಗಾಲ ಕಾಣಂಗಿಲ್ಲ. ಆ ಹಿಂದಿಂದು ಕೊಡ್ರಿ" ಅನ್ನುತ್ತಾರೆ. ಫ್ಯಾನ್ ಕೊಳ್ಳುವ ದಿನ ಅಂಗಡಿಯ ಹನ್ನೊಂದು ಫ್ಯಾನುಗಳನ್ನೂ ಹಚ್ಚಿಸಿ, ಒಂದೊಂದರ ಕೆಳಗೂ ಹತ್ತು ಹತ್ತು ನಿಮಿಷ ತಲೆ ಓರೆ ಮಾಡಿ ನಿಂತಿದ್ದರು. ಅಂಗಡಿಯವನಿಗೆ ನೆಗಡಿ ಬಂತೇ ಹೊರತು ಫ್ಯಾನ್ ಮಾರಾಟವಾಗಲಿಲ್ಲ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ನಲವತ್ತು ವರ್ಷ ಕಾಳಿನ ವ್ಯಾಪಾರ ಮಾಡಿದವರು. ರೈತರು ತೊಗರಿ ತಂದರೆ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಈ ಕೈಯಿಂದ ಆ ಕೈಗೆ ಸುರಿಯುತ್ತಿದ್ದರು. ಒಣಗಿದ ಕಾಳು ಖಣಖಣ ಅನ್ನುತ್ತದೆ, ಹಸಿ ಕಾಳು ಥಪ್ ಅನ್ನುತ್ತದೆ. ಅಷ್ಟೇ, ತೇವ ಅಳೆಯುವ ಯಂತ್ರ ಬರುವುದಕ್ಕೆ ಮೊದಲೇ ನಮ್ಮ ಮಾಮಾ ಬಂದಿದ್ದರು! ಯಂತ್ರ ಬಂದ ಮೇಲೂ ಎಷ್ಟೋ ಜನ ಯಂತ್ರ ಸರಿಯಾಗಿದೆಯೋ ಇಲ್ಲವೋ ಎಂದು ಇವರನ್ನೇ ಕೇಳುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಮಾಮಾ ಅವರೇ, ಹಾಗಾಗಿ ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ವರನನ್ನು ಆರಿಸಿದ್ದೂ ಹೀಗೆಯೇ. ಹುಮನಾಬಾದಿನ ಗಂಡು ನೋಡಲು ಬಂದಾಗ ಎಲ್ಲರೂ ಹೊಲ ಎಷ್ಟು, ನೌಕರಿ ಏನು ಎಂದು ಕೇಳುತ್ತಿದ್ದರೆ, ಮಾಮಾ ಮಾತ್ರ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದರು. ವರ ಬಸಿಯಲ್ಲಿ ಚಹಾ ಸುರುವಿಕೊಂಡು 'ಸುರ್ರ್' ಎಂದು ಎಳೆದದ್ದೇ ತಡ, ಕಣ್ಣು ತೆರೆದು ಘೋಷಿಸಿದರು: "ಮಂದಿ ಮುಂದ ಹಿಂಗ ಸಪ್ಪಳ ಮಾಡಿ ಕುಡಿಯಾವನ ಒಳಗ ಕಪಟ ಇರಂಗಿಲ್ಲ. ಹುಡುಗಿನ್ನ ಕೊಟ್ಟಬಿಡ್ರಿ!" ಕೊಟ್ಟುಬಿಟ್ಟರು. ಹದಿನೆಂಟು ವರ್ಷದಿಂದ ದಿನಕ್ಕೆ ಮೂರು ಸಲ ಆ ನಿಷ್ಕಪಟ ಸಪ್ಪಳವನ್ನು ಕೇಳುತ್ತಿದ್ದೇನೆ. ಮನುಷ್ಯ ನಿಜಕ್ಕೂ ಒಳ್ಳೆಯವರು, ಅದನ್ನು ಒಪ್ಪಬೇಕು.

ಇಂಥ ಮಾಮಾನ ಮನೆಯಲ್ಲಿ ನಾನು ಎಂಟು ವರ್ಷ ಬೆಳೆದೆ. ನಮ್ಮೂರು ಮಂಠಾಳ, ಓದಲೆಂದು ಅವ್ವ ನನ್ನನ್ನು ಬಸವಕಲ್ಯಾಣದ ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. ಅಡುಗೆಮನೆಯಲ್ಲಿ ಅತ್ತಿ, ಎಂದರೆ ಮಾಮಾನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದರೆ ಎದುರಿಗೆ ಮಾಮಾ ಕುಳಿತು ಲೋಕದ ಸುದ್ದಿಯನ್ನೆಲ್ಲ ಒಂದೇ ಸಮನೆ ಹೇಳುತ್ತಿದ್ದರು. ನಡುವೆ ನನ್ನ ಕೈಗೆ ದಿನಪತ್ರಿಕೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ಒಂದು ವಾಕ್ಯ ಮುಗ್ಗರಿಸಿದರೆ, "ಏ ಪೋರಿ, ಇದು ತೊಯ್ದ ತೊಗರಿ ಆತು. ಒಣಗಿಸಿ ಇನ್ನೊಮ್ಮೆ ಓದು!" ಎನ್ನುತ್ತಿದ್ದರು. ವಾಕ್ಯವನ್ನು ಹೇಗೆ ಒಣಗಿಸುವುದು? ಆಗ ತಿಳಿಯದೆ ಅಳು ಬರುತ್ತಿತ್ತು. ಆದರೂ ಓದುತ್ತಾ ಓದುತ್ತಾ ಒಂದು ದಿನ ಒಣಗಿತು. ಇವತ್ತು ನನಗೆ ಧ್ವನಿ ಅಂತ ಒಂದು ಇದ್ದರೆ ಅದು ಮಾಮಾನ ಕಿವಿ ಮತ್ತು ಅತ್ತಿಯ ರೊಟ್ಟಿಯಿಂದಲೇ ಆದದ್ದು.

ಆ ಧ್ವನಿಯನ್ನು ಏನಾದರೂ ಮಾಡೋಣ ಎಂದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ಮಕ್ಕಳಿಗೆ ಫೋನಿನಲ್ಲಿ ಕೇಳುವ ಕಥೆಗಳನ್ನು ಮಾಡುವ ಒಂದು ಸಂಸ್ಥೆಯವರು ನಮ್ಮ ಭಾಗದ ಮಾತಿನಲ್ಲಿ ಕಥೆ ಓದುವವರನ್ನು ಹುಡುಕುತ್ತಿದ್ದರು. ನಾನು ಹುಮನಾಬಾದಿನ ನಮ್ಮ ಮನೆಯ ಹಿಂದಿನ ಕೋಣೆಯಿಂದ ಉಳ್ಳಾಗಡ್ಡಿ ಚೀಲಗಳನ್ನು ಹೊರಗೆ ಹಾಕಿ ಸ್ಟುಡಿಯೊ ಸ್ಥಾಪಿಸಿದೆ. ನಾಲ್ಕೂ ಗೋಡೆಗೆ ಕೌದಿ, ಕಿಟಕಿಗೆ ಗಾದಿ, ಸ್ಟೂಲಿನ ಮೇಲೆ ಮೈಕು, ಮಗಳ ಹಳೆಯ ಲ್ಯಾಪ್‌ಟಾಪ್. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, "ಎಲ್ಲಾ ಚಂದ ಅದ. ಬೀಗರು ಬಂದ್ರ ಹೊದಿಯಾಕ ಏನ್ ಕೊಡ್ತಿ?" ಎಂದರು. ಹೊರಗೆ ಹಳ್ಳಿಖೇಡದ ಕಡೆಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳು. ಪ್ರತಿ ಟ್ರ್ಯಾಕ್ಟರಿನಲ್ಲೂ ಮದುವೆ ಮಂಟಪಕ್ಕೆ ಸಾಲುವಷ್ಟು ದೊಡ್ಡ ಹಾಡಿನ ಡಬ್ಬಿ! ಎರಡು ಟ್ರ್ಯಾಕ್ಟರಿನ ನಡುವೆ ಸಿಗುವ ಮೌನದಲ್ಲಿ ಒಂದೊಂದೇ ವಾಕ್ಯ ಓದಿ ಮಾದರಿ ಕಳಿಸಿದೆ.

ಉತ್ತರ ಬಂತು. "ನಿಮ್ಮ ಧ್ವನಿ ನಮಗೆ ಬೇಕು. ಆದರೆ ನಿಮ್ಮ ಮಾತಿನ ಹಿಂದೆ ಇನ್ಯಾರೋ ಪಿಸುಗುಟ್ಟುತ್ತಿದ್ದಾರೆ." ಹುಡುಕಿದರೆ ಆ ಪಿಸುಗುಟ್ಟುವವಳೂ ನಾನೇ! ಓದುತ್ತಲೇ ನನ್ನ ಧ್ವನಿಯನ್ನು ಕಿವಿಯಲ್ಲಿ ಹಾಕಿಕೊಂಡು ಕೇಳುತ್ತಿದ್ದೆನಲ್ಲ, ಆ ಸಡಿಲ ಇಯರ್‌ಫೋನಿನಿಂದ ಸದ್ದು ಸೋರಿ ಮತ್ತೆ ಮೈಕಿಗೆ ಹೋಗುತ್ತಿತ್ತು. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿಯೂ ಮುಚ್ಚಿರುವ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಕೊಂಡು, ಹದಿನೈದು ದಿನದೊಳಗೆ ಇನ್ನೊಮ್ಮೆ ಕಳಿಸಿ ಎಂದಿದ್ದರು. ತೀರಾ ದುಬಾರಿಯದೇನೂ ಬೇಡ, ಕಲಿಯುವವರಿಗೆ ಸಾಧಾರಣದ್ದು ಸಾಕು ಎಂದೂ ಬರೆದಿದ್ದರು. ನಾನು ಅದರಲ್ಲಿ 'ನಿಮ್ಮ ಧ್ವನಿ ನಮಗೆ ಬೇಕು' ಎಂಬುದನ್ನೇ ಐದಾರು ಸಲ ಓದಿಕೊಂಡೆ. ಈ ವಯಸ್ಸಿನಲ್ಲಿ ಹಾಗೆ ಹೇಳುವವರು ಇನ್ನೊಮ್ಮೆ ಸಿಗುತ್ತಾರೆಯೇ? ಹೇಗಾದರೂ ಇದನ್ನು ಬಿಡಬಾರದು ಅಂದುಕೊಂಡೆ.

ಆ ಖುಷಿಯಲ್ಲಿ ಮಾಮಾನ ಮನೆಗೆ ಫೋನ್ ಮಾಡಿ ಅತ್ತಿಯ ಹತ್ತಿರ ಹೇಳಿದ್ದು ನನ್ನ ತಪ್ಪು. ಮಾಮಾ ಫೋನ್ ಕಸಿದುಕೊಂಡರು.

"ಕಿವಿಗೆ ಹಾಕ್ಕೊಳ್ಳೂ ಸಾಮಾನು, ನನ್ನ ಬಿಟ್ಟು ತಗೋತಿಯೇನ? ನಾಳಿ ಬರ್ತೀನಿ. ಅಂಗಡಿ ಮೆಟ್ಲಾ ಹತ್ತಬ್ಯಾಡ!"

ಮರುದಿನ ಬಸ್ಸಿಳಿದ ಮಾಮಾನ ಕಂಕುಳಲ್ಲಿ ಒಂದು ಕಲ್ಲಂಗಡಿ ಹಣ್ಣು ಇತ್ತು. ಮನೆಗೆ ತಂದಿರಬೇಕೆಂದು ಕೈಚಾಚಿದೆ. ಕೊಡಲಿಲ್ಲ. ನನ್ನ ತಲೆಯನ್ನೊಮ್ಮೆ, ಹಣ್ಣನ್ನೊಮ್ಮೆ ಗೇಣಿನಿಂದ ಅಳೆದು, "ಬರೋಬ್ಬರಿ ಅದ. ನಿನ್ನ ತಲಿ ಅಳತಿ ಅಂತ ರಾಜೇಶ್ವರದಾಗ ಬಸ್ ನಿಂದ್ರಿಸಿ ತಂದೀನಿ" ಎಂದರು. ನನ್ನ ತಲೆಯ ಬಗ್ಗೆ ಅಷ್ಟು ಸ್ಪಷ್ಟ ಅಭಿಪ್ರಾಯವನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿ. ಅಂಗಡಿಯ ಭಾಯ್ ನಗುಮುಖದ ಮನುಷ್ಯ. ಅವರು ಪೆಟ್ಟಿಗೆ ತೆರೆಯುವ ಮೊದಲೇ ಮಾಮಾ ಗಾಜಿನ ಮೇಲೆ ಕಲ್ಲಂಗಡಿ ಕೂರಿಸಿದರು.

"ಕಾಕಾ, ಇದೇನ್ರಿ?"

"ಇದು ತಲಿ. ಇದಕ್ಕ ಹೆಡ್‌ಫೋನ್ ತೊಡಸ್ರಿ."

ಭಾಯ್ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಮಾಮಾನ ಪರೀಕ್ಷೆಗಳಿಗೆ ಒಂದು ಕ್ರಮವಿತ್ತು. ಹೆಡ್‌ಫೋನನ್ನು ಹಣ್ಣಿಗೆ ತೊಡಿಸಿ, ಜೋರಾಗಿ ಹಾಡು ಹಚ್ಚಿ, ಹೊರಗಿನಿಂದ ಕಿವಿ ಕೊಟ್ಟು ಸದ್ದು ಸೋರುತ್ತದೆಯೇ ಎಂದು ಕೇಳುವುದು ಮೊದಲನೆಯದು. ನಗಬೇಡಿ, ಇದು ನನಗೆ ಆಮೇಲೆ ಹೊಳೆದದ್ದು: ಒಬ್ಬರೇ ಕೊಳ್ಳಲು ಹೋದಾಗ, ತೊಡಿಸಿ ನೋಡಲು ಇನ್ನೊಂದು ತಲೆ ಇಲ್ಲದಿದ್ದರೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ! ಮುಂದಿನದು ಗಾದಿ ಪರೀಕ್ಷೆ, ಎಂದರೆ ಕಿವಿಗೆ ಒತ್ತುವ ಮೆತ್ತೆಯದು. ಕನ್ನಡಕದ ಮೇಲೆಯೇ ತೊಟ್ಟು ಅರ್ಧ ಗಂಟೆ ಸ್ಟೂಲಿನ ಮೇಲೆ ಕೂರುವುದು, ಕಿವಿ ಬಿಸಿಯಾದರೆ ಫೇಲು. "ಗಾದಿ ಹರಿದ್ರ ಬ್ಯಾರೇದು ಸಿಗ್ತದೇನು?" ಎಂದು ಟ್ರ್ಯಾಕ್ಟರಿನ ಸೀಟು ವಿಚಾರಿಸಿದ ಹಾಗೆ ವಿಚಾರಿಸಿದರು. ವೈರ್ ಇಲ್ಲದ್ದನ್ನು ಭಾಯ್ ತೋರಿಸಿದಾಗ ನಾನೇ ಬೇಡವೆಂದೆ, ಅದರಲ್ಲಿ ಸದ್ದು ಒಂದು ಚೂರು ತಡವಾಗಿ ಬರುತ್ತದೆ, ರೆಕಾರ್ಡಿಂಗಿಗೆ ಆಗದು. ಮಾಮಾ ವೈರ್ ಇದ್ದದ್ದನ್ನು ಎಳೆದು ನೋಡಿ, "ಇದು ಛಲೋ. ದನಾನೂ ಕಟ್ಟಬಹುದು" ಎಂದು ಮೆಚ್ಚಿದರು.

ಕೊನೆಯ ಪರೀಕ್ಷೆಯೇ ನಿಜವಾದದ್ದು. ಮಾಮಾ ತಮ್ಮ ಫೋನ್ ತೆಗೆದು ವೈರ್ ಚುಚ್ಚಿದರು. ಹಿಂದಿನ ದಿನ ಅಡುಗೆಮನೆಯಲ್ಲಿ ಫೋನನ್ನು ಹಿಟ್ಟು ನಾದುವ ಪರಾತದ ಪಕ್ಕ ಇಟ್ಟು, ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು, ಅತ್ತಿ ರೊಟ್ಟಿ ಬಡಿಯುವ ಸಪ್ಪಳವನ್ನು ಹಿಡಿದು ತಂದಿದ್ದರು!

"ನಲವತ್ತೈದ ವರ್ಷದಿಂದ ಈ ಸಪ್ಪಳ ಕೇಳಾಕತ್ತೇನಿ. ಇದರಾಗ ಒಂದ ಚೂರು ಹೆಚ್ಚುಕಮ್ಮಿ ಮಾಡಿದ್ರೂ ಆ ಹೆಡ್‌ಫೋನು ಸುಳ್ಳಬುರುಕ ಅಂತ ತಿಳೀತದ" ಎಂದರು.

ಸ್ಟುಡಿಯೊಗೆ ಬೇಕಾದದ್ದು ಚಂದ ಮಾಡಿ ಹೇಳುವ ಹೆಡ್‌ಫೋನ್ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಎಂಬ ಮಾತನ್ನು ನಾನು ಎಷ್ಟೋ ವಿಡಿಯೊ ನೋಡಿ ತಿಳಿದಿದ್ದೆ. ಮಾಮಾ ಒಂದೂ ವಿಡಿಯೊ ನೋಡದೆ ಅಲ್ಲಿಗೇ ಬಂದಿದ್ದರು.

ಮೊದಲನೆಯದು ಕೆಂಪು ಬಣ್ಣದ್ದು, ಹೊಳೆಯುವಂಥದ್ದು. ಕೇಳಿ ಕಿತ್ತು ಇಟ್ಟರು. "ನಮ್ಮ ಮನ್ಯಾಗ ರೊಟ್ಟಿ ಬಡೀತಾರ್ರಿ. ಇದರಾಗ ಡೊಳ್ಳು ಬಡಿಯಾಕತ್ತಾರ!"

"ಕಾಕಾ, ಅದು ಬೇಸ್, ದಪ್ಪನ್ನ ಸಪ್ಪಳ. ಹುಡುಗರು ಅದನ್ನೇ ಕೇಳ್ತಾರ."

"ಹುಡುಗರಿಗಿ ಮಾರ್ರಿ."

ಎರಡನೆಯದು ಕಲ್ಲಂಗಡಿಯ ಮೇಲೆಯೇ ಸೋರಿತು. ಮೂರನೆಯದು ಗಾದಿ ಪರೀಕ್ಷೆಯಲ್ಲಿ ಬಿತ್ತು. ಮಾಮಾ ಅದನ್ನು ತೊಟ್ಟು ಕೂತವರು ಹಾಗೆಯೇ ನಿದ್ದೆ ಹೋಗಿ, ಎದ್ದಾಗ ಎರಡೂ ಕಿವಿ ಕೆಂಪಗಾಗಿದ್ದವು. ನಾಲ್ಕನೆಯದು ಕಪ್ಪು ಬಣ್ಣದ್ದು, ಒಂದು ಗೀಟು ಹೊಳಪಿಲ್ಲ, ಬೆಲೆಯೂ ಕಡಿಮೆ. ಸೋರಲಿಲ್ಲ, ಒತ್ತಲಿಲ್ಲ. ಮಾಮಾನ ಮುಖ ಅರಳಿತು. ನನಗೂ ಜೀವ ಬಂತು. ರೊಟ್ಟಿ ಸಪ್ಪಳ ಹಚ್ಚಿದರು. ಕಣ್ಣು ಮುಚ್ಚಿದರು. ಹುಬ್ಬು ಗಂಟಾಯಿತು.

"ಹತ್ತಿರ ಬಂದದ... ಆದ್ರ ಇದರಾಗ ಒಂದು ಸುಳ್ಳು ಸಪ್ಪಳ ಅದ. ಕೇಳು."

ನಾನು ಹಾಕಿಕೊಂಡು ಕೇಳಿದೆ. ಪಟ ಪಟ ಪಟ, ಬಳೆಗಳ ಕಿಣಿಕಿಣಿ, ಮತ್ತೆ ಪಟ ಪಟ. ಅತ್ತಿಯ ಅಡುಗೆಮನೆಯಲ್ಲೇ ಕೂತ ಹಾಗಿತ್ತು. ಒಂದು ರೊಟ್ಟಿ ಮುಗಿದು ಹಂಚಿಗೆ ಹೋಗುವಾಗ ಮಾತ್ರ ಒಂದು ಸಣ್ಣ 'ಸ್ಸ್'. ಮುಂದಿನ ರೊಟ್ಟಿಗೂ 'ಸ್ಸ್'.

"ಆ ಕೆಂಪದ್ದರಾಗ ಇದು ಇರಲಿಲ್ಲ. ನಮ್ಮ ಮನ್ಯಾಗಂತೂ ಇಲ್ಲೇ ಇಲ್ಲ. ಇದರ ಒಳಗ ಗಾಳಿ ಸೋರ್ತದ" ಎಂದು ಮಾಮಾ ತೀರ್ಪು ಕೊಟ್ಟರು. ಭಾಯ್ ಅದೇ ನಮೂನೆಯ ಇನ್ನೊಂದು ಪೆಟ್ಟಿಗೆ ಒಡೆದರು. ಅದರಲ್ಲೂ 'ಸ್ಸ್'! "ಪೂರಾ ಮಾಲೇ ಖರಾಬ್ ಬಂದದ, ವಾಪಸ್ ಕಳಸ್ರಿ" ಎಂದು ಸಲಹೆ ಕೊಟ್ಟು, ಕಲ್ಲಂಗಡಿ ಕೊಯ್ಯಿಸಿ, ಭಾಯ್‌ಗೆ ದೊಡ್ಡ ಹೋಳು ಕೊಟ್ಟು ಮಾಮಾ ಬಸ್ ಹತ್ತಿದರು.

ಹೀಗೆ ಮೂರು ಸಲವಾಯಿತು! ಮೂರು ಕಲ್ಲಂಗಡಿ, ಒಂಬತ್ತು ಹೆಡ್‌ಫೋನ್. ಮೂರನೆಯ ಸಲ ಭಾಯ್ ಚಾಕು ಮೊದಲೇ ತೊಳೆದು ಇಟ್ಟಿದ್ದರು. "ಕಾಕಾ, ನೀವು ಏನೂ ತಗೊಳ್ಳದಿದ್ರೂ ನಡೀತದ, ಹಣ್ಣು ಮಾತ್ರ ಬಿಟ್ಟು ಹೋಗ್ರಿ. ಇಂಥಾ ಮೀಠಾ ಹಣ್ಣು ನಮಗ ಆರಿಸಾಕ ಬರಂಗಿಲ್ಲ" ಎಂದರು. ಅಷ್ಟರಲ್ಲಿ ಹದಿನೈದು ದಿನದಲ್ಲಿ ಹನ್ನೊಂದು ಕಳೆದಿದ್ದವು. ಮಾಮಾನ ಕಿವಿಯನ್ನು ಮೀರಿ ಕೊಳ್ಳುವ ಧೈರ್ಯ ನನಗಿಲ್ಲ, ಕೊಳ್ಳದೆ ಇದ್ದರೆ ಕೆಲಸ ಹೋಗುತ್ತದೆ. ನನ್ನ ಮುಖ ನೋಡಿ ಭಾಯ್, "ಅಕ್ಕಾ, ಆ ಕರೇದು ಮೂರು ದಿನ ಮನ್ಯಾಗ ಇಟ್ಕೊಂಡು ನೋಡ್ರಿ. ಬ್ಯಾಡಾದ್ರ ವಾಪಸ್ ತರ್ರಿ" ಎಂದು ಚೀಲಕ್ಕೆ ಹಾಕಿಕೊಟ್ಟರು. ಆ ಉಪಕಾರವನ್ನು ಮರೆಯಲಾರೆ.

ಮನೆಗೆ ಬಂದು ಕೌದಿಗಳ ನಡುವೆ ಕೂತು ಒಂದು ಪುಟ ಓದಿ ಕೇಳಿದೆ. ಹಿಂದಿನ ಪಿಸುಮಾತು ಮಾಯವಾಗಿತ್ತು! ನನ್ನ ಧ್ವನಿ ಒಣ ತೊಗರಿಯ ಹಾಗೆ ಖಣಖಣ ಬಂತು. ಎರಡು ಗೋಡೆಯಾಚೆ ಯಜಮಾನರು ಚಹಾ ಎಳೆದದ್ದೂ ಸ್ಪಷ್ಟವಾಗಿ ದಾಖಲಾಗಿತ್ತು. ಆದರೆ ಎಷ್ಟು ಕೇಳಿದರೂ ಎಲ್ಲೂ 'ಸ್ಸ್' ಇಲ್ಲ. ಹಾಗಾದರೆ ಆ ಸದ್ದು ಎಲ್ಲಿಯದು? ಭಾನುವಾರ ಹೆಡ್‌ಫೋನ್, ಮೈಕು, ಲ್ಯಾಪ್‌ಟಾಪ್ ಎಲ್ಲ ಕಟ್ಟಿಕೊಂಡು ಬಸವಕಲ್ಯಾಣದ ಬಸ್ ಹತ್ತಿದೆ. ಜೀವನದಲ್ಲಿ ಒಂದೇ ಒಂದು ಸಲ ಮಾಮಾನ ಕಿವಿ ತಪ್ಪು ಎಂದು ತೋರಿಸಿಕೊಡುವ ಹುಮ್ಮಸ್ಸು ಬೇರೆ!

ಅತ್ತಿ ರೊಟ್ಟಿಗೆ ಕೂತಿದ್ದರು. ಪರಾತದ ಪಕ್ಕ ಮೈಕು ಇಟ್ಟೆ. ಅತ್ತಿ ಸೆರಗು ಸರಿಮಾಡಿಕೊಂಡು, "ಇದೇನ ನಿಮ್ಮ ಹುಚ್ಚು? ಮಾಮಾ ಒಬ್ರು ಸಾಲದು ಅಂತ ನೀನೂ ಸುರು ಮಾಡಿದೇನ?" ಎಂದು ನಕ್ಕರು. ಮಾಮಾ ಎಂದಿನಂತೆ ಎದುರಿಗೆ ಕೂತು, ಭಾಯ್ ಅಂಗಡಿಯ ಮಾಲು, ಈಗಿನ ಕಾಲದ ಕಂಪನಿಗಳು, ಹೋದ ವರ್ಷದ ತೊಗರಿ ಎಂದು ಮಾತು ಶುರು ಮಾಡಿದರು. ನಾನು ಮೆಲ್ಲಗೆ ಹೆಡ್‌ಫೋನನ್ನು ಅವರ ಕಿವಿಗೆ ತೊಡಿಸಿ ಸದ್ದು ಏರಿಸಿದೆ.

ಮಾಮಾನ ಮಾತು ನಿಂತಿತು. ಒಂದು ರೊಟ್ಟಿ. ಎರಡು. ಮೂರನೆಯದು ಹಂಚಿಗೆ ಬಿದ್ದಾಗ ಅವರು ಕಣ್ಣು ತೆರೆದರು. ಯಾವ ವಸ್ತುವನ್ನೂ ನೋಡಿ ಕೊಳ್ಳದ ನಮ್ಮ ಮಾಮಾ ಆಗ ನೋಡಿದರು. ಮೈಕನ್ನಲ್ಲ, ಲ್ಯಾಪ್‌ಟಾಪನ್ನಲ್ಲ, ಅತ್ತಿಯ ಬಲಗೈಯನ್ನು.

ಹಸಿರು ಬಳೆಗಳ ಕೆಳಗೆ ಮಣಿಕಟ್ಟಿಗೆ ಹಳೆಯ ಸೀರೆಯ ಒಂದು ಪಟ್ಟಿ ಬಿಗಿದಿತ್ತು. ಅದರ ಎರಡೂ ಬದಿಗೆ ಕೈ ಊದಿತ್ತು. ನಾಲ್ಕನೆಯ ರೊಟ್ಟಿ ಎತ್ತುವಾಗ ಅತ್ತಿಯ ತುಟಿ ಸ್ವಲ್ಪವೇ ತೆರೆದು ಮುಚ್ಚಿತು. ಹೆಡ್‌ಫೋನ್ ಇಲ್ಲದ ನನಗೆ ಆ 'ಸ್ಸ್' ಕೇಳಿಸಲಿಲ್ಲ.

"ಎಂದಿನಿಂದ ನೋಯಾಕತ್ತದ?" ಮಾಮಾ ಕೇಳಿದರು. ಕಿವಿ ಮುಚ್ಚಿದ್ದರಿಂದ ಧ್ವನಿ ತುಸು ಜೋರಾಗಿ ಬಂತು.

"ಏನಿಲ್ರಿ, ಸುಮ್ನ."

"ಸುಮ್ನ ಅಲ್ಲ. ನನಗ ಕೇಳಾಕತ್ತದ."

ಅತ್ತಿ ಹಿಟ್ಟಿನ ಕೈ ಕೆಳಗಿಟ್ಟರು. "ಎರಡು ವರ್ಷ ಆತ್ರಿ. ದಿನಾ ಎದುರಿಗೇ ಕುಂತಿರ್ತೀರಿ, ಇಷ್ಟು ಚಂದ ಮಾತಾಡ್ತೀರಿ. ನಡುವ ಬಾಯಿ ಹಾಕಿ ಯಾಕ ಹೇಳ್ಬೇಕು ಅಂತ."

ಊರಿನ ತೊಗರಿಯ ತೇವವನ್ನೆಲ್ಲ ಕೇಳಿಸಿಕೊಂಡ ಮನುಷ್ಯನಿಗೆ ಎರಡು ವರ್ಷ ಇದು ಕೇಳಿಸಿರಲಿಲ್ಲ. ನನಗೂ ಕೇಳಿಸಿರಲಿಲ್ಲ. ಹಬ್ಬ ಹುಣ್ಣಿಮೆಗೆ ಬಂದು, ಅದೇ ಅಡುಗೆಮನೆಯಲ್ಲಿ ಕೂತು, "ಅತ್ತಿ, ಇನ್ನೊಂದು ಬಿಸಿದು ಹಾಕ್ರಿ" ಎಂದು ಕೈಚಾಚಿದವಳು ನಾನೂ ಅಲ್ಲವೇ? ಮಾಮಾನ ಕಿವಿ ತಪ್ಪು ಎಂದು ಗೆಲ್ಲಲು ಬಂದಿದ್ದೆ. ಗೆದ್ದದ್ದಕ್ಕೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮಾಮಾ ಹೆಡ್‌ಫೋನ್ ತೆಗೆದು, ಅದರ ಗಾದಿಗಳನ್ನು ಧೋತರದ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟರು. "ಇದನ್ನೇ ಇಟ್ಕೊ ಪೋರಿ. ಇದು ಸುಳ್ಳು ಹೇಳಂಗಿಲ್ಲ." ಆಮೇಲೆ ಅಂಗಿ ತೋಳು ಮಡಚಿ, "ಆ ಕಡಿ ಸರಿ" ಎಂದು ಅತ್ತಿಯನ್ನು ಸರಿಸಿ, ಪರಾತದ ಮುಂದೆ ಕೂತರು. ಅವತ್ತಿನ ರೊಟ್ಟಿಗಳನ್ನು ನಾನು ವರ್ಣಿಸುವುದಿಲ್ಲ. ಒಂದರಲ್ಲಿ ಕಿಟಕಿ ಇತ್ತು, ಇನ್ನೊಂದರಲ್ಲಿ ಬಾಗಿಲೂ ಇತ್ತು. ಮೂವರೂ ಮೊಸರು ಹಚ್ಚಿಕೊಂಡು ತಿಂದೆವು. ಮರುದಿನವೇ ಅತ್ತಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ಕೈಗೆ ಪಟ್ಟಿ ಹಾಕಿ, ಮೂರು ತಿಂಗಳು ಹಿಟ್ಟು ಮುಟ್ಟಬಾರದು ಎಂದರಂತೆ.

ನಾನು ಹದಿನಾಲ್ಕನೆಯ ದಿನ ಮಾದರಿ ಕಳಿಸಿದೆ. ಒಪ್ಪಿದರು. ಈಗ ವಾರಕ್ಕೆ ಎರಡು ಕಥೆ ಓದುತ್ತೇನೆ. ಭಾಯ್ ಅಂಗಡಿಗೆ ಹೋದಾಗಲೆಲ್ಲ, "ಕಾಕಾ ಎಂದ ಬರ್ತಾರ್ರಿ? ಹಣ್ಣಿನ ಸೀಸನ್ ಮುಗೀಲಾಕತ್ತದ" ಎಂದು ವಿಚಾರಿಸುತ್ತಾರೆ.

ಮಾಮಾ ಬರುವುದಿಲ್ಲ, ಪುರುಸೊತ್ತಿಲ್ಲ. ಬದಲಿಗೆ ಪ್ರತಿ ಭಾನುವಾರ ಫೋನಿಗೆ ಒಂದು ರೆಕಾರ್ಡಿಂಗ್ ಕಳಿಸುತ್ತಾರೆ: ತಾವೇ ರೊಟ್ಟಿ ಬಡಿಯುವ ಸಪ್ಪಳ. ಹೇಗಿದೆ, ತೊಯ್ದಿದೆಯೋ ಒಣಗಿದೆಯೋ ಎಂದು ನಾನು ತೀರ್ಪು ಕೊಡಬೇಕು! ನಾನು ಕೌದಿಗಳ ನಡುವೆ ಕೂತು ಕಪ್ಪು ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಥಪ್. ಥಪ್. ಶುದ್ಧ ಹಸಿ ಕಾಳು. ಆದರೆ ಒಂದೊಂದು ರೊಟ್ಟಿ ಹರಿದಾಗಲೂ ಹಿಂದಿನಿಂದ, ಫೋನಿನಲ್ಲಿ ಹಾಗೇ ಕೇಳಿದರೆ ತಿಳಿಯದಷ್ಟು ಸಣ್ಣಗೆ, ಅತ್ತಿ ನಗುತ್ತಾರೆ. ಮಾಮಾ ಅಲ್ಲಿ ಒಂದು ಮಾತೂ ಆಡುವುದಿಲ್ಲ. ಅವರೂ ಅದನ್ನೇ ಕೇಳುತ್ತಿರುತ್ತಾರೆ.